ಮುಂದಿನ ಎರಡು ಗಾಲಿಯ ಬ್ರೇಕು

ನನ್ನ ಗಂಡ ತೀರಿಕೊಂಡ ಮೂರನೆಯ ದಿನದಿಂದಲೇ ಬುದ್ಧಿ ಹೇಳುವವರು ಬರತೊಡಗಿದರು. ಊಟ ಮಾಡು, ಮಲಗು ಎಂದಿದ್ದರೆ ಕೇಳುತ್ತಿದ್ದೆನೇನೋ. ಅವರು ಹೇಳಿದ್ದೆಲ್ಲ ಕಾರಿನ ಬಗ್ಗೆ. ಕಾರು ಆಗಿಬರಲಿಲ್ಲ, ಮಾರಿಬಿಡು. ಕಾರೇ ನುಂಗಿತು, ಬಾಗಿಲ ಮುಂದೆ ಇಟ್ಟುಕೊಳ್ಳಬೇಡ. ಹೀಗೆ ಹೇಳಿದವರಲ್ಲಿ ಅರ್ಧ ಜನ ಅದೇ ಕಾರಿನಲ್ಲಿ ಕುಳಿತು ಮದುವೆಗಳಿಗೆ ಹೋಗಿಬಂದವರು.

ನಮ್ಮ ಮನೆಯವರು ಸತ್ತದ್ದು ಕಾರಿನಲ್ಲಿ, ನಿಜ. ಶಿಗ್ಗಾಂವಿಯ ಒಂದು ಖಾನಾವಳಿಯ ಮುಂದೆ ರೊಟ್ಟಿಯ ಗಂಟು ಇಳಿಸುವ ಮೊದಲೇ ಎದೆ ನಿಂತಿತು. ಗಾಡಿಯನ್ನು ರಸ್ತೆಯಿಂದ ಬದಿಗೆ ಸರಿಸಿದ್ದರು. ಎಂಜಿನ್ ಬಂದ್ ಮಾಡಿದ್ದರು. ಹ್ಯಾಂಡ್ ಬ್ರೇಕ್ ಎಳೆದಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದಾರೆ ಎಂದು ಖಾನಾವಳಿಯವರು ಬಹಳ ಹೊತ್ತು ಸುಮ್ಮನಿದ್ದರಂತೆ. ಹಾಗೆ ಯಾರಿಗೂ ಅಡ್ಡವಾಗದಂತೆ ಹೋದ ಮನುಷ್ಯನ ಸಾವನ್ನು ಒಂದು ಕಾರಿನ ತಲೆಗೆ ಕಟ್ಟಲು ಬಂದವರಿಗೆ ನಾನು ಚಹಾ ಮಾಡಿಕೊಟ್ಟೆ. ಕುಡಿದು, ಸಕ್ಕರೆ ಕಡಿಮೆಯಾಯಿತು ಎಂದರು.

ನಮ್ಮದು ತಿಳವಳ್ಳಿ. ಮಕ್ಕಳಿಲ್ಲ. ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ಅವರು ಅದನ್ನು ಹಾನಗಲ್, ಶಿಗ್ಗಾಂವಿ, ಸವಣೂರಿನ ಖಾನಾವಳಿಗಳಿಗೆ, ವಾರಕ್ಕೊಮ್ಮೆ ಹಿರೇಕೆರೂರಿಗೆ ಮುಟ್ಟಿಸುತ್ತಿದ್ದರು. ಕಾರು ಹೊಡೆಯಲು ನನಗೂ ಕಲಿಸಿದ್ದರು. ಲೈಸೆನ್ಸ್ ಇದೆ. ಕಾರು ಹೋದರೆ ರೊಟ್ಟಿ ಹೋದಂತೆ, ಯಾಕೆಂದರೆ ಮಷೀನಿನ ರೊಟ್ಟಿಯವರು ಆಗಲೇ ಖಾನಾವಳಿಗಳ ಬಾಗಿಲಲ್ಲಿ ನಿಂತಿದ್ದರು. ಇಷ್ಟು ಸರಳ ಸಂಗತಿ ಊರಿನಲ್ಲಿ ಯಾರ ತಲೆಗೂ ಹೋಗಲಿಲ್ಲ.

ಮೈದುನನ ತಲೆಗೆ ಮಾತ್ರ ಬೇರೊಂದು ಸಂಗತಿ ಹೋಗಿತ್ತು. ಅವನಿಗೆ ಹಾನಗಲ್ಲಿನಲ್ಲಿ ಮೊಬೈಲ್ ಅಂಗಡಿ ಇದೆ. ಬಂದವರೆಲ್ಲ ಅಪಶಕುನ ಎಂದ ಅದೇ ಕಾರು ಅವನ ಹೆಸರಿಗಾದರೆ ಅಪಶಕುನವಲ್ಲವಂತೆ.

"ವೈನಿ, ಗಾಡಿ ನನ್ನ ಹೆಸರಿಗಿರ್ಲಿ. ನಿಮಗ ಯಾವಾಗ ಬೇಕು ಹೇಳ್ರಿ, ನಾನ ಬಂದು ಬಿಟ್ಟು ಬರ್ತೇನಿ."

"ದಿನಾ ಬೆಳಿಗ್ಗೆ ಬೇಕು. ಬರ್ತೀಯೇನ?"

"ದಿನಾ ಅಂದ್ರ ಹೆಂಗಾಗ್ತದ್ರಿ, ಅಂಗಡಿ ಐತೆಲ್ಲ."

ಕಾರು ನನ್ನ ಗಂಡನ ಹೆಸರಿನಲ್ಲಿತ್ತು. ಅದನ್ನು ಬೇರೆ ಹೆಸರಿಗೆ ಮಾಡಲು ನನ್ನ ಜೊತೆ ಅತ್ತೆಯ ಒಪ್ಪಿಗೆಯೂ ಬೇಕು ಎಂದು ಸಾರಿಗೆ ಕಚೇರಿಯಲ್ಲಿ ಹೇಳಿದ್ದರು. ನಾನು ನನ್ನ ಹೆಸರಿಗೆ ಒಂದು ಕಾಗದ ಮಾಡಿಸಿ ಅತ್ತೆಯ ಮುಂದಿಟ್ಟೆ. ಎರಡು ದಿನ ಬಿಟ್ಟು ಮೈದುನ ತನ್ನ ಹೆಸರಿಗೆ ಒಂದು ಮಾಡಿಸಿ ತಂದ. ಅತ್ತೆ ಎರಡನ್ನೂ ಮಡಿಚಿ ಎಲೆಅಡಿಕೆಯ ಸಂಚಿಯೊಳಗೆ ಹಾಕಿಕೊಂಡರು. ಯಾವುದಕ್ಕೂ ಸಹಿ ಮಾಡಲಿಲ್ಲ.

ಮಳೆಗಾಲದ ನಲವತ್ತು ದಿನ ಕಾರು ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು. ಮಹಾನವಮಿ ಬಂತು. ನಮ್ಮ ಕಡೆ ಆ ದಿನ ಮನೆಯ ಕಬ್ಬಿಣದ ಸಾಮಾನನ್ನೆಲ್ಲ ತಿಕ್ಕಿ, ಎಣ್ಣೆ ಸವರಿ, ಖಂಡೆ ಪೂಜೆ ಮಾಡುತ್ತಾರೆ. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಆದರೆ ಹಬ್ಬವಿಲ್ಲವೆಂದು ತುಕ್ಕು ಸುಮ್ಮನಿರುವುದಿಲ್ಲ. ಕುಂಕುಮ, ಕಾಯಿ ಏನೂ ಇಲ್ಲದೆ ನಾನು ಕುಡಗೋಲಿಗೆ, ಈಳಿಗೆಗೆ, ರೊಟ್ಟಿಯ ಹಂಚುಗಳಿಗೆ ಶೇಂಗಾ ಎಣ್ಣೆ ಸವರಿದೆ. ಆಮೇಲೆ ಕಾರಿನ ಹತ್ತಿರ ಹೋದೆ. ಮುಂದಿನ ಗಾಲಿಯ ಸಂದಿನಲ್ಲಿ ನೋಡಿದರೆ ಒಳಗಿನ ತಟ್ಟೆ ಕೆಂಪಗೆ ತುಕ್ಕು ಹಿಡಿದಿತ್ತು. ಅದಕ್ಕೆ ಡಿಸ್ಕ್ ಎನ್ನುತ್ತಾರೆ ಎಂದು ಗೊತ್ತಿತ್ತು. ಗಾಲಿಯ ಜೊತೆ ಅದೂ ತಿರುಗುತ್ತದೆ, ಬ್ರೇಕ್ ಒತ್ತಿದಾಗ ಎರಡು ಪ್ಯಾಡ್ ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ ಎಂದೂ ಗೊತ್ತಿತ್ತು. ಗೊತ್ತಿದ್ದೂ, ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಕಾರನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳಿ, ಎರಡು ಡಿಸ್ಕಿಗೂ ಸುತ್ತ ಸವರಿದೆ. ಇಪ್ಪತ್ತು ವರ್ಷ ಹಂಚಿನ ಮುಂದೆ ಕುಳಿತ ಹೆಂಗಸಿಗೆ ತುಕ್ಕು ಹಿಡಿದ ದುಂಡನೆಯ ಕಬ್ಬಿಣ ಕಂಡರೆ ಇನ್ನೇನು ಹೊಳೆಯುತ್ತದೆ? ಫಳಫಳ ಹೊಳೆಯಿತು. ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂತು.

ಮರುದಿನ ಕಾರು ತೆಗೆದೆ. ಬಸ್ ನಿಲ್ದಾಣದ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ಕೇಳಲಿಲ್ಲ. ಜಾರಿಕೊಂಡು ಹೋಗಿ, ಯಾರೋ ರಸ್ತೆಯ ಅಂಚಿನಲ್ಲಿ ಒಣಗಲು ಹಾಕಿದ್ದ ಗೋವಿನಜೋಳದ ರಾಶಿಯೊಳಗೆ ಮೂತಿ ತೂರಿಸಿ ನಿಂತಿತು. ರಾಶಿಯ ಧಣಿ ಎದ್ದು ಬಂದ.

"ಅಕ್ಕಾರ, ನಿಮ್ಮ ರೊಟ್ಟಿ ಬಿಳಿಜ್ವಾಳದ್ದಲ್ಲೇನ್ರಿ? ನಮ್ಮ ಗೋವಿನಜ್ವಾಳಕ್ಕ ಯಾಕ ಬಾಯಿ ಹಾಕೀರಿ?"

ಅಲ್ಲಿದ್ದವರೆಲ್ಲ ನಕ್ಕರು. ಮಧ್ಯಾಹ್ನದವರೆಗೆ ನಾನೇ ಕಸಬರಿಗೆ ಹಿಡಿದು ಕಾಳು ಗುಡಿಸಿ ಕೊಟ್ಟೆ. ಸಂಜೆಯ ಹೊತ್ತಿಗೆ ಸುದ್ದಿ ಮೈದುನನಿಗೆ ಮುಟ್ಟಿತ್ತು. ಬಂದವನೇ ಅತ್ತೆಗೆ ಹೇಳಿದ.

"ನಾ ಹೇಳಿದ್ನಿಲ್ಲ ಯವ್ವಾ? ಹೆಂಗಸರ ಕಾಲು ಬ್ರೇಕಿಗೆ ಹತ್ತೂದಿಲ್ಲ. ಇವತ್ತು ರಾಶಿ, ನಾಳೆ ಮನಶ್ಯಾ."

ಅತ್ತೆ ಅಡಿಕೆ ಕತ್ತರಿಸುತ್ತ, ಮೊದಲು ಗಾಡಿ ಮಿಸ್ತ್ರಿಯನ್ನು ಕರೆಸು ಎಂದರು.

ಹಾನಗಲ್ಲಿನಿಂದ ಮಿಸ್ತ್ರಿ ಮೋಟರ್ ಸೈಕಲ್ ಮೇಲೆ ಬಂದ. ಗಾಲಿ ಬಿಚ್ಚಿದ. ಪ್ಯಾಡ್ ಹೊರಗೆ ತೆಗೆದು ಬೆರಳಿನಿಂದ ಒರೆಸಿ ನೋಡಿದ.

"ಇದಕ್ಕ ಎಣ್ಣಿ ಹೆಂಗ ಬಂತ್ರಿ?"

ಮೈದುನ ಪಕ್ಕದಲ್ಲೇ ನಿಂತಿದ್ದ. ತನಗೆ ಗೊತ್ತಿಲ್ಲದ್ದು ಇರಬಾರದು ಎಂಬುದು ಅವನ ನಿಯಮ. "ಎಲ್ಲೋ ಲೀಕ್ ಆಗಿರಬೇಕು," ಎಂದ.

ಮಿಸ್ತ್ರಿ ಬೆರಳು ಮೂಸಿದ. "ಲೀಕ್ ಆದ ಎಣ್ಣಿ ಶೇಂಗಾ ವಾಸನಿ ಹೊಡಿಯೂದಿಲ್ರಿ ಅಣ್ಣಾರ."

"ನಾನ ಹಚ್ಚೇನಿ," ಎಂದೆ. "ತುಕ್ಕು ಹಿಡದಿತ್ತು."

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಅಕ್ಕಾರ, ಹಂಚಿಗೆ ರೊಟ್ಟಿ ಹತ್ತಬಾರದು. ಇದಕ್ಕ ಪ್ಯಾಡ್ ಹತ್ತಬೇಕು. ಆ ತುಕ್ಕು ನಾಕ್ ಸಲ ಬ್ರೇಕ್ ಒತ್ತಿದ್ರ ತಾನ ಹೋಗ್ತಿತ್ತು. ಈಗ ಪ್ಯಾಡ್ ಎಣ್ಣಿ ಕುಡದಾವು. ತೊಳದ್ರ ಆಗೂದಿಲ್ಲ."

ನಾನು ಎಲ್ಲರನ್ನೂ ದಡ್ಡರೆಂದು ಮನಸ್ಸಿನಲ್ಲೇ ಬೈದುಕೊಂಡು ಓಡಾಡುತ್ತಿದ್ದ ದಿನಗಳವು. ಆ ಸಾಲಿನಲ್ಲಿ ಆವತ್ತು ನನ್ನನ್ನೂ ನಿಲ್ಲಿಸಿಕೊಂಡೆ, ಎಲ್ಲರಿಗಿಂತ ಮುಂದೆ.

ಮಿಸ್ತ್ರಿಯ ಮಾತು ಮುಗಿದಿರಲಿಲ್ಲ. ಡಿಸ್ಕಿನ ಅಂಚಿಗೆ ನನ್ನ ಬೆರಳು ಹಿಡಿಸಿ ತೋರಿಸಿದ. ಪ್ಯಾಡ್ ತಿಕ್ಕುವ ಜಾಗ ಸವೆದು ತಗ್ಗಾಗಿ, ಹೊರಅಂಚು ತಟ್ಟೆಯ ಕಂಠದಂತೆ ಎದ್ದು ನಿಂತಿತ್ತು. "ಎಣ್ಣಿ ಹಚ್ಚದಿದ್ರೂ ಇವು ಹೋಗಿದ್ದುವ್ರಿ. ನೋಡ್ರಿ, ಇದಕ್ಕಿಂತ ತೆಳ್ಳಗಾಗಬಾರದು ಅಂತ ಇಲ್ಲೇ ಅಂಕಿ ಒತ್ತ್ಯಾರ. ಯಾವತ್ತೋ ತೆಳ್ಳಗಾಗೈತಿ."

"ಆಗೂದಿಲ್ಲ," ಎಂದೆ. "ಯುಗಾದಿಗೆ ಎರಡೂ ಹೊಸಾವು ಹಾಕಿಸ್ಯಾರ. ಪ್ಯಾಡೂ, ಡಿಸ್ಕೂ."

"ಯಾರ್ ಹೇಳಿದ್ರಿ?"

"ನಮ್ಮ ಮನಿಯವರು."

ಮಿಸ್ತ್ರಿ ಡಿಸ್ಕನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. "ಇವು ಗಾಡಿ ಸಂಗಾಟ ಕಂಪನಿಯಿಂದ ಬಂದಾವ್ರಿ. ಎರಡು ಸಲ ಲೇಥಿಗೆ ಕೊಟ್ಟು ಕೆತ್ತಿಸ್ಯಾರ. ಪ್ಯಾಡೂ ಯಾವವೋ ಹೆಸರಿಲ್ಲದ್ದು."

ಆ ಯುಗಾದಿಯ ದಿನ ಅವರು ಮನೆಗೆ ಬಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎಲ್ಲಾ ಹೊಸಾವು ಹಾಕಿಸೇನಿ, ಇನ್ನ ಐದ್ ವರ್ಷ ಚಿಂತಿಲ್ಲ ಎಂದು ಹೇಳಿ, ಹೋಳಿಗೆ ಇನ್ನೊಂದು ಹಾಕಿಸಿಕೊಂಡಿದ್ದರು. ಆಮೇಲೆ ಎಷ್ಟೋ ಸಲ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸಿದ್ದರು. ಸತ್ತ ಗಂಡನ ಬಗ್ಗೆ ಒಳ್ಳೆಯದನ್ನೇ ನೆನೆಯಬೇಕು ಎನ್ನುತ್ತಾರೆ. ನಾನು ಆ ಸವೆದ ಅಂಚಿನ ಮೇಲೆ ಬೆರಳಿಟ್ಟುಕೊಂಡು ಅವರನ್ನು ಮನಸಾರೆ ತಿರಸ್ಕರಿಸಿದೆ. ಅಷ್ಟು ಸಣ್ಣ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದ ಬಾಯಿಯ ಮೇಲೆ ಹೇಸಿಗೆ ಬಂತು. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಹೊಸಾವು ತಂದು ಹಾಕ್ಸು," ಎಂದರು. "ನೀನ ಹೊಡಿ. ನಾ ಕುಂತು ಹಿರೇಕೆರೂರಿಗೆ ನಮ್ಮಕ್ಕನ ಮನೀಗೆ ಬರ್ತೇನಿ. ಆಮ್ಯಾಲ ಯಾವ ಕಾಗದಕ್ಕ ಸಹಿ ಮಾಡೂದು ನೋಡೂಣು."

ಮಗ ಸತ್ತ ಮೇಲೆ ಅವರು ಆ ಕಾರನ್ನು ಮುಟ್ಟಿಯೂ ಇರಲಿಲ್ಲ.

ಹಳೆಯ ಪ್ಯಾಡೊಂದನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ಬಸ್ ಹತ್ತಿದೆ. ನಾಲ್ಕು ಪ್ಯಾಡಿನ ಒಂದು ಸೆಟ್ಟು, ಎರಡು ಡಿಸ್ಕು, ಒಂದೇ ಕಂಪನಿಯವು, ಜೋಡಿಯಾಗಿ ಎಂದು ಮಿಸ್ತ್ರಿ ಚೀಟಿ ಬರೆದುಕೊಟ್ಟಿದ್ದ. ಒಂದು ಗಾಲಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆ ಎಳೆಯುತ್ತದಂತೆ.

ಹಾನಗಲ್ಲಿನ ಅಂಗಡಿಯವನು ಚೀಟಿಯನ್ನು ನೋಡದೆಯೇ ಒಂದು ಡಬ್ಬಿ ಇಳಿಸಿದ. ಡಬ್ಬಿಯ ಮೇಲೆ ಕಾರಿನ ಚಿತ್ರವಿತ್ತು, ಮಾಡಿದವರ ಹೆಸರಿರಲಿಲ್ಲ.

"ಇದನ್ನ ಒಯ್ರಿ. ಎಲ್ಲಾರೂ ಇದನ್ನ ಹಾಕಸ್ತಾರ."

"ಡಿಸ್ಕ್?"

"ಡಿಸ್ಕ್ ಯಾರ್ ಬದಲಿ ಮಾಡ್ತಾರ್ರಿ? ಲೇಥಿಗೆ ಕೊಡ್ರಿ."

"ಎರಡ್ ಸಲ ಕೊಟ್ಟಾಗೇತಿ."

"ಮೂರನೇದ್ದು ಕೊಡ್ರಿ." ನಾನು ಕದಲದೆ ನಿಂತದ್ದನ್ನು ಕಂಡು ಅವನಿಗೆ ಬೇಸರವಾಯಿತು. "ನಿಮಗ ತಿಳಿಯೂದಿಲ್ರಿ ಅಕ್ಕಾರ. ಯಜಮಾನ್ರನ್ನ ಕಳಸ್ರಿ, ಅವರಿಗೆ ಹೇಳ್ತೇನಿ."

"ಅವರು ಬರೂದಿಲ್ರಿ."

"ಯಾಕ, ಊರಾಗಿಲ್ಲೇನು?"

"ಇಲ್ರಿ," ಎಂದು ಹೇಳಿ ಇಳಿದು ಬಂದೆ. ಯಜಮಾನರು ಬಂದಿದ್ದರೆ ಆ ಡಬ್ಬಿಯನ್ನೇ ಒಯ್ಯುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅಂಥ ಅಂಗಡಿಗೆ ಅಂಥ ಗಿರಾಕಿ.

ಶಿಗ್ಗಾಂವಿಯಲ್ಲಿ ಮೊದಲು, ಅವರ ಎದೆ ಯಾವುದರ ಮುಂದೆ ನಿಂತಿತೋ ಆ ಖಾನಾವಳಿಗೆ ಹೋಗಿ ರೊಟ್ಟಿ ಕೊಟ್ಟೆ. ಬಸ್ಸಿನಲ್ಲಿ ಒಯ್ಯುವಷ್ಟೇ ಒಯ್ದಿದ್ದೆ. ಮಾಲೀಕ ಎಣಿಸುವಾಗ ಅರ್ಧಕ್ಕರ್ಧ ರೊಟ್ಟಿ ಮುರಿದಿದ್ದವು. "ಅಕ್ಕಾ, ಸೋಮವಾರದಿಂದ ಗಾಡಿ ಬರ್ತದೋ ಇಲ್ಲೋ ಹೇಳಿಬಿಡ್ರಿ," ಎಂದ. "ಮಷೀನಿನವರು ದಿನಾ ಫೋನ್ ಮಾಡಾಕತ್ತಾರ." ಬರುತ್ತದೆ ಎಂದೆ.

ಅಲ್ಲಿನ ಬಿಡಿಭಾಗದ ಅಂಗಡಿ ದೊಡ್ಡದು, ಗಾಜಿನ ಬಾಗಿಲಿನದು. ಅಲ್ಲಿ ನನ್ನನ್ನು ಮೇಡಂ ಎಂದರು. ನನ್ನದು ಯಾವ ಕಾರು ಎಂದು ಕೇಳುವ ಮೊದಲೇ ತೂತು ತೂತಾದ ಒಂದು ಹೊಳೆಯುವ ಡಿಸ್ಕನ್ನು ಕೈಗೆ ಕೊಟ್ಟರು. ರೇಸಿನ ಕಾರುಗಳಿಗೆ ಇದನ್ನೇ ಹಾಕುತ್ತಾರಂತೆ, ತೂತಿನಿಂದ ಗಾಳಿ ಆಡಿ ಶೆಕೆ ಆಗುವುದಿಲ್ಲವಂತೆ, ಗಾಲಿಯ ಸಂದಿನಲ್ಲಿ ನೋಡಲು ಚೆಂದವಂತೆ.

"ನಾ ರೊಟ್ಟಿ ಒಯ್ಯೂದ್ರಿ," ಎಂದೆ. "ರೇಸಿಗೆ ಹೋಗೂದಿಲ್ಲ."

"ಲುಕ್ ಇರ್ತದ್ರಿ ಮೇಡಂ."

ನನ್ನ ರೊಟ್ಟಿಗೂ ಒಮ್ಮೊಮ್ಮೆ ತೂತು ಬೀಳುತ್ತದೆ. ಅದನ್ನು ಎಮ್ಮೆಗೆ ಹಾಕುತ್ತೇನೆ. ಇದನ್ನು ಅವನಿಗೆ ಹೇಳಲಿಲ್ಲ. ಇಂಥ ಮಾತುಗಳು ನನಗೆ ಯಾವಾಗಲೂ ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯುತ್ತವೆ.

ಸವಣೂರಿನ ಅಂಗಡಿ ಕತ್ತಲೆಯ ಗೂಡು. ಒಳಗೆ ವಯಸ್ಸಾದ ಒಬ್ಬ ಮನುಷ್ಯ ಕಾಗದದ ಮೇಲೆ ಖಾರದ ತಿಂಡಿ ಸುರಿದುಕೊಂಡು ತಿನ್ನುತ್ತಿದ್ದ. ಕುಳಿತುಕೊಳ್ಳಿ ಎನ್ನಲಿಲ್ಲ. ಕೈ ಒರೆಸಿಕೊಂಡು ಹಳೆಯ ಪ್ಯಾಡನ್ನು ಈಸಿಕೊಂಡ, ಮೂಸಿದ, ಮುಖ ಸಿಂಡರಿಸಿದ. ಆಮೇಲೆ ಕೇಳಿದ.

"ಗಾಡಿ ಎಲ್ಲಿ ಓಡಸ್ತೀರಿ?"

ಹೇಳಿದೆ.

"ಏನ್ ಭಾರ ಹಾಕ್ತೀರಿ?"

ಅದನ್ನೂ ಹೇಳಿದೆ. ಎರಡು ಊರಿನ ಅಂಗಡಿಗಳಲ್ಲಿ ಈ ಎರಡು ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಹಂಗಾದ್ರ ಸಾದಾ ಕಂಪನಿ ಮಾಲ ಸಾಕು. ತೂತಿಂದು ಗೀತಿಂದು ಬ್ಯಾಡ." ಹೊಸ ಪ್ಯಾಡನ್ನು ಹಳೆಯದರ ಮೇಲಿಟ್ಟು ಅಂಚಿಗೆ ಅಂಚು ಹಿಡಿದ. ಸರಿಯಾಗಿ ಕೂಡಿತು ಎಂದುಕೊಂಡೆ. ಅವನು ಅದನ್ನು ತಿರುಗಿಸಿ ಹಿಂದಿನ ಕ್ಲಿಪ್ಪು ನೋಡಿ, "ಇದಲ್ಲ," ಎಂದು ಡಬ್ಬಿಗೆ ಹಾಕಿ ಇನ್ನೊಂದು ತೆಗೆದ. ಅದು ಕೂಡಿತು. ಪ್ಯಾಡಿನ ಬದಿಗಿದ್ದ ಸಣ್ಣ ತಗಡಿನ ನಾಲಿಗೆಯನ್ನು ತೋರಿಸಿದ. ಪ್ಯಾಡ್ ಸವೆದಾಗ ಈ ನಾಲಿಗೆ ಡಿಸ್ಕಿಗೆ ತಾಗಿ ಕಿರ್‍ರೆಂದು ಕೂಗುತ್ತದೆ, ಕೂಗಿದಾಗ ಬಂದು ಬದಲಿಸಿಕೊಳ್ಳಬೇಕು ಎಂದ. ನಮ್ಮ ಹಳೆಯ ಪ್ಯಾಡಿಗೆ ಆ ನಾಲಿಗೆಯೇ ಇರಲಿಲ್ಲ.

"ಡಿಸ್ಕ್ ಒಂದ ಐತಿ. ಇನ್ನೊಂದು ನಾಳೆ ಬರ್ತದ. ನಾಳೆ ಬರ್ರಿ."

"ಒಂದ್ ಈಗ ಕೊಡ್ರಿ, ಇನ್ನೊಂದು..."

"ಜೋಡಿ ಇಲ್ಲದ ಕೊಡೂದಿಲ್ಲ," ಎಂದವನೇ ಮತ್ತೆ ಖಾರದ ಕಡೆ ತಿರುಗಿದ. ಇಡೀ ಜಿಲ್ಲೆಯಲ್ಲಿ ಒಬ್ಬ ಸರಿಯಾದ ಅಂಗಡಿಯವನಿದ್ದಾನೆ, ಅವನಿಗೂ ಮರ್ಯಾದೆ ಗೊತ್ತಿಲ್ಲ. ಆದರೂ ಮರುದಿನ ಮತ್ತೆ ಎರಡು ಬಸ್ಸು ಬದಲಿಸಿ ಹೋದೆ. ಡಬ್ಬಿಯ ಸೀಲು ನನ್ನೆದುರೇ ಒಡೆದ. ಎರಡೂ ಡಿಸ್ಕಿನ ಮೇಲೆ ಒಂದೇ ಗುರುತು, ಒಂದೇ ಅಂಕಿ. ಚೀಲ ಹೆಗಲಿಗೆ ಹಾಕಿಕೊಂಡರೆ ಎರಡು ಹಂಚು ಹೊತ್ತಷ್ಟು ಭಾರ.

ಮಿಸ್ತ್ರಿ ಬಂದು ಪ್ಲಾಸ್ಟಿಕ್ ಬಿಚ್ಚಿದಾಗ ಹೊಸ ಡಿಸ್ಕಿನ ಮೈಯೆಲ್ಲ ಜಿಡ್ಡಾಗಿತ್ತು. ಇದನ್ನು ನಾನು ಮುಟ್ಟಿಲ್ಲ ಎಂದೆ. ಅವನು ಈ ಸಲ ನಕ್ಕ.

"ಕಂಪನಿಯವರೂ ನಿಮ್ಮಂಗ ತುಕ್ಕಿಗೆ ಅಂಜಿ ಎಣ್ಣಿ ಹಚ್ಚಿ ಕಳಸ್ತಾರ್ರಿ. ಆದ್ರ ಒರಸಿ ಹಾಕ್ರಿ ಅಂತ ಬರದಿರ್ತಾರ." ಪೆಟ್ರೋಲಿನಂಥ ವಾಸನೆಯ ಕ್ಲೀನರ್ ಹೊಡೆದು, ಬಿಳಿ ಬಟ್ಟೆಗೆ ಒಂದು ಕಲೆಯೂ ಹತ್ತದಂತಾಗುವವರೆಗೆ ಒರೆಸಿದ. ಕೂಡಿಸಿದ ಮೇಲೆ ಇನ್ನೊಂದು ಕೆಲಸ ಹೇಳಿದ. ಹೊಸ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ಐವತ್ತರ ವೇಗಕ್ಕೆ ಹೋಗಿ, ಹತ್ತಕ್ಕೆ ಇಳಿಯುವಂತೆ ಬ್ರೇಕ್ ಒತ್ತಬೇಕು. ಪೂರ್ತಿ ನಿಲ್ಲಿಸಬಾರದು. ಸ್ವಲ್ಪ ದೂರ ಬಿಟ್ಟು ಮತ್ತೆ ಅದೇ. ಹೀಗೆ ಇಪ್ಪತ್ತು ಸಲ.

"ಅದನ್ನೂ ನಾ ಬರ್ತೇನಿ," ಎಂದರು ಅತ್ತೆ. "ಹಿರೇಕೆರೂರ ದಾರೀಲಿ ಮಾಡು."

ಬೆಳಗಿನ ಎಂಟಕ್ಕೆ ಹೊರಟೆವು. ಅತ್ತೆ ಬಾಗಿಲು ತೆಗೆದು ಒಂದು ಗಳಿಗೆ ನಿಂತು, ನಾನು ಕುಳಿತ ಸೀಟನ್ನು ನೋಡಿ, ಆಮೇಲೆ ಪಕ್ಕದಲ್ಲಿ ಹತ್ತಿ ಕುಳಿತರು. ಸಂಚಿ ತೊಡೆಯ ಮೇಲಿತ್ತು. ಹಿಂದೆ ಮೈದುನ. ನಾನು ಎಲ್ಲಾದರೂ ಗುದ್ದುವುದನ್ನು ಕಣ್ಣಾರೆ ನೋಡಬೇಕೆಂದು ಅಂಗಡಿ ಮುಚ್ಚಿ ಬಂದಿದ್ದ.

ಊರು ದಾಟಿದ ಮೇಲೆ ಶುರು ಮಾಡಿದೆ. ಐವತ್ತು, ಒತ್ತು, ಹತ್ತು. ಅತ್ತೆ ಜಪದಂತೆ ಬೆರಳ ಗೆರೆಗಳ ಮೇಲೆ ಎಣಿಸತೊಡಗಿದರು. ಮೊದಲ ನಾಲ್ಕೈದು ಸಲ ಹಿಡಿತ ಮೆತ್ತಗಿತ್ತು. ಎಂಟು ಒಂಬತ್ತು ಆಗುವ ಹೊತ್ತಿಗೆ ಕಾಲ ಕೆಳಗೆ ಏನೋ ಗಟ್ಟಿಯಾಗಿ ಕಚ್ಚುವುದು ಗೊತ್ತಾಗತೊಡಗಿತು. ಪ್ರತಿ ಸಲವೂ ಮೈದುನನ ತಲೆ ನಮ್ಮಿಬ್ಬರ ನಡುವೆ ಬಂದು ಹಿಂದೆ ಹೋಗುತ್ತಿತ್ತು.

"ವೈನಿ, ಸಾಕ್ರಿ, ಹೊಂದ್ಕೊಂಡಿರಬೇಕು."

"ಹನ್ನೆರಡ," ಎಂದರು ಅತ್ತೆ.

ಹದಿನೆಂಟಕ್ಕೆ ಅವನು ಬಾಯಿಗೆ ಕೈ ಅಡ್ಡ ಹಿಡಿದು, ನಿಲ್ಲಿಸಿ ಎಂದು ಹೆಗಲು ತಟ್ಟಿದ. ನಿಧಾನವಾಗಿ ಬದಿಗೆ ತೆಗೆದುಕೊಂಡು ನಿಲ್ಲಿಸಿದೆ. ಅವನು ಇಳಿದು ಬೇಲಿಯ ಕಡೆ ಓಡಿದ. ಮಗ ವಾಂತಿ ಮಾಡುವ ಸದ್ದು ಕೇಳುತ್ತಿದ್ದರೂ ಅತ್ತೆ ಆ ಕಡೆ ತಿರುಗಲಿಲ್ಲ.

"ಎಲ್ಲಾ ಹೊಸಾವು ಹಾಕಿಸೇನಿ ಅಂತ ಅವ ಬಾಯಿಬಿಟ್ಟು ಹೇಳಿದ್ನೇನ?" ಎಂದು ಕೇಳಿದರು.

ಸತ್ತ ಮಗನ ಮಾತು ಎಂದು ತಿಳಿಯಿತು. "ಹೇಳಿದ್ರು ಅತ್ತಿ. ಯುಗಾದಿ ದಿನ."

"ನನಗೂ ಅವತ್ತ ಹೇಳಿದ. ಅದಕ್ಕೂ ಮೊದಲ ಎದಿ ನೋವು ಅಂತಿದ್ದ. ನಿನಗ ಹೇಳಬ್ಯಾಡ ಅಂದಿದ್ದ. ನಾ ಬೈದು, ಹುಬ್ಬಳ್ಳಿಗೆ ಹೋಗಿ ತೋರಿಸ್ಕೊಂಡು ಬಾ ಅಂದ್ನಿ. ಹೋಗಿ ಬಂದು, ಎಲ್ಲಾ ತಪಾಸ ಮಾಡಿಸೇನಿ ಯವ್ವಾ, ಇನ್ನ ಐದ್ ವರ್ಷ ಚಿಂತಿಲ್ಲ ಅಂದ."

ನನ್ನ ಕೈ ಸ್ಟೇರಿಂಗಿನ ಮೇಲೆಯೇ ಇತ್ತು. ಹಾಗಾದರೆ ಆ ದಿನ ಅವರು ಅಂಗಡಿಗೂ ಹೋಗಿರಲಿಲ್ಲ, ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಎಲ್ಲೋ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಕುಳಿತು, ಇಬ್ಬರು ಹೆಂಗಸರಿಗೂ ಒಂದೇ ಸುಳ್ಳು ಸಾಕೆಂದು ಲೆಕ್ಕ ಹಾಕಿ ಮನೆಗೆ ಬಂದಿರಬೇಕು. ಒಂದೂವರೆ ತಿಂಗಳಿಂದ ಊರಿನವರೆಲ್ಲರಿಗೆ ಹಂಚುತ್ತ ಬಂದಿದ್ದ ತಿರಸ್ಕಾರವನ್ನು ಒಟ್ಟುಗೂಡಿಸಿ ಅವರ ಮೇಲೆ ಸುರಿಯಬೇಕೆನಿಸಿತು. ಆದರೆ ಹೆದರಿಕೊಂಡು ಒಬ್ಬರೇ ಕುಳಿತಿದ್ದ ಆ ಮನುಷ್ಯ ಕಣ್ಣ ಮುಂದೆ ಬಂದ. ಸುರಿಯಲಾಗಲಿಲ್ಲ. ಅವರು ಸತ್ತ ದಿನದಿಂದ ಯಾರೆದುರೂ ಅಳದ ನಾನು ಅಲ್ಲಿ ಅತ್ತುಬಿಟ್ಟೆ.

ಅತ್ತೆ ನನ್ನನ್ನು ಅಳಲು ಬಿಟ್ಟರು. ಆಮೇಲೆ ಸಂಚಿ ಬಿಚ್ಚಿ ಎರಡೂ ಕಾಗದ ಹೊರಗೆ ತೆಗೆದರು. ಓದಲು ಬಾರದು, ಸಹಿ ಮಾತ್ರ ಬರುತ್ತದೆ.

"ನಿನ್ನದು ಯಾವುದು ತೋರಸು," ಎಂದರು. ತೋರಿಸಿದೆ. ಸಂಚಿಯನ್ನೇ ಒತ್ತಿಗೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಗೆರೆಯಿಂದ ಕೆಳಗಿಳಿದು ಸಹಿ ಮಾಡಿದರು. ಇನ್ನೊಂದು ಕಾಗದವನ್ನು ಹಿಂದಿನ ಸೀಟಿನ ಮೇಲೆ ಇಟ್ಟರು. ಮುಖ ಒರೆಸಿಕೊಳ್ಳುತ್ತ ಬಂದು ಹತ್ತಿದ ಮೈದುನ ಅದನ್ನು ಎತ್ತಿ, ಕೆಳಗೆ ಸಹಿಯ ಜಾಗ ನೋಡಿ, ಏನೋ ಹೇಳಲು ಬಾಯಿ ತೆರೆದ.

"ಬಾಗಿಲಾ ಗಟ್ಟಿ ಹಾಕ್ಕೊ," ಎಂದರು ಅತ್ತೆ ಅವನಿಗೆ. ನನ್ನ ಕಡೆ ತಿರುಗಿ, "ನಡಿ. ಇನ್ನ ಎರಡ್ ಉಳದಾವು."